ಹಂಡೆ ಅಲ್ಲ, ಗೀಸರ್: ಡೀಸೆಲ್ ಎಂಜಿನ್ನಿನಲ್ಲಿ ಉಗಿ ಎಬ್ಬಿಸಿದ ನನ್ನ ಅನುಭವ

"ಡೀಸೆಲ್ ಎಂಜಿನ್ನಿಗೆ ನೀರು ತುಂಬಿಸ್ತಾ ಇದೀನಿ ಮಾವ" ಅಂದೆ. ಅರಸೀಕೆರೆಯಿಂದ ಫೋನ್ ಮಾಡಿದ್ದ ಮಾವ, "ರೇಡಿಯೇಟರ್‌ಗಾ?" ಅಂದರು. ಅಲ್ಲ, ಬಾಯ್ಲರಿಗೆ ಅಂದೆ. "ಡೀಸೆಲ್ ಗಾಡಿಗೆ ಬಾಯ್ಲರ್ ಯಾಕಪ್ಪಾ?" ಅಂತ ನಕ್ಕರು.

ಅವರ ಪ್ರಶ್ನೆ ಸರಿಯಾಗೇ ಇತ್ತು. ನಮ್ಮ ಕಡೆ ರೈಲಿಗೆ ಫ್ಯಾನ್ ಬೇಕು, ಹೀಟರ್ ಯಾರಿಗೆ ಬೇಕು? ಆದರೆ ನಾನಿರುವುದು ಉತ್ತರ ಇಂಗ್ಲೆಂಡಿನಲ್ಲಿ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೆಲಸ. ಶನಿವಾರ ಬಂದರೆ ಹಳೇ ರೈಲು ಓಡಿಸುವ ಒಂದು ಸಂಘದಲ್ಲಿ ಸಂಬಳವಿಲ್ಲದ ಕೆಲಸ. ಅಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಕ್ಲಾಸ್ 25 ಡೀಸೆಲ್ ಎಂಜಿನ್ನಿನ ಬಾಯ್ಲರ್.

1950-60ರ ದಶಕದಲ್ಲಿ ಬ್ರಿಟನ್ನಿನಲ್ಲಿ ಡೀಸೆಲ್ ಎಂಜಿನ್ನುಗಳು ಬಂದವು. ಬೋಗಿಗಳು ಮಾತ್ರ ಹಳೆಯವೇ. ಅವುಗಳ ಸೀಟಿನ ಕೆಳಗೆ, ಬೋಗಿ ಬೆಚ್ಚಗಿಡಲು, ಉಗಿ ಕೊಳವೆಗಳು. ಉಗಿ ಎಂಜಿನ್ ಇದ್ದಾಗ ಅದರ ಬಾಯ್ಲರಿನಿಂದಲೇ ಒಂದಿಷ್ಟು ಉಗಿಯನ್ನು ಹಿಂದಕ್ಕೆ ಬಿಟ್ಟರೆ ಸಾಕಿತ್ತು. ಡೀಸೆಲ್‌ನಲ್ಲಿ ಉಗಿ ಎಲ್ಲಿಂದ ತರೋದು? ಅಷ್ಟೂ ಬೋಗಿಗಳನ್ನು ಬದಲಿಸುವುದಕ್ಕಿಂತ ಎಂಜಿನ್ನಿನೊಳಗೆ ಒಂದು ಬಾಯ್ಲರ್ ಕೂರಿಸುವುದು ಅಗ್ಗ ಅನ್ನಿಸಿತು. ಡೀಸೆಲ್ಲನ್ನೇ ಉರಿಸಿ, ನೀರು ಕಾಯಿಸಿ, ಉಗಿಯನ್ನು ಬೋಗಿಗಳಿಗೆ ಕಳಿಸುವ ಬಾಯ್ಲರ್. ರೈಲು ಎಳೆಯುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಮ್ಮದು ಸ್ಟೋನ್-ವೇಪರ್ 4610. ಪೂರ್ತಿ ಉರಿದರೆ ಗಂಟೆಗೆ 1,000 ಪೌಂಡ್, ಅಂದರೆ ಸುಮಾರು 450 ಕೆಜಿ ಉಗಿ. ಲೆಕ್ಕ ಹಾಕಿ ನೋಡಿದೆ: ಹತ್ತಿರ ಹತ್ತಿರ 280 ಕಿಲೋವ್ಯಾಟ್ ಶಾಖ. ರೈಲು ಎಳೆಯುವ ಎಂಜಿನ್ನಿನ ಶಕ್ತಿಯೇ 1,250 ಅಶ್ವಶಕ್ತಿ, ಸುಮಾರು 930 ಕಿಲೋವ್ಯಾಟ್. ಜನರ ಕಾಲು ಬೆಚ್ಚಗಿಡೋಕೆ ಇಷ್ಟು! ಆ ಶಾಖವನ್ನು ಎಂಜಿನ್ ಹುಟ್ಟಿಸುವ ಕರೆಂಟಿನಿಂದ ಕೊಟ್ಟಿದ್ದರೆ ಎಳೆಯೋಕೆ ಏನು ಉಳಿಯುತ್ತಿತ್ತು ಹೇಳಿ.

ಬಾಯ್ಲರ್ ಅಂದ ಕೂಡಲೇ ನಾನು ಅಜ್ಜಿ ಮನೆಯ ಬಚ್ಚಲ ಹಂಡೆಯನ್ನು ನೆನೆಸಿಕೊಂಡಿದ್ದೆ. ನೀರು ತುಂಬಿಸಿ, ಉರಿ ಹಾಕಿ, ಕಾಯುತ್ತಾ ಕೂರುವುದು. ಸ್ಪ್ಯಾನರ್ ಅನ್ನುವ ಬಾಯ್ಲರುಗಳು ಆ ಜಾತಿಯವೇ. ನಮ್ಮದು ಹಾಗಲ್ಲ, ಗ್ಯಾಸ್ ಗೀಸರ್ ಇದ್ದ ಹಾಗೆ. ಒಳಗೆ ಉದ್ದನೆಯ ಕೊಳವೆಯನ್ನು ಸುರುಳಿ ಸುತ್ತಿರುತ್ತಾರೆ. ಪಂಪು ಒಂದು ತುದಿಯಿಂದ ನೀರು ತಳ್ಳುತ್ತದೆ, ಇನ್ನೊಂದು ತುದಿಯಲ್ಲಿ ಉಗಿ ಬರುತ್ತದೆ. ನೀರು ಎಷ್ಟು ಹೋಗುತ್ತದೋ ಅದಕ್ಕೆ ತಕ್ಕಷ್ಟು ಡೀಸೆಲ್ ಬಿಡುವ ವ್ಯವಸ್ಥೆ ಒಳಗೇ ಇದೆ. ಬೇಗ ಉಗಿ ಕೊಡುತ್ತದೆ, ನಿಜ. ಆದರೆ ನೀರು ಒಂದು ಗಳಿಗೆ ನಿಂತರೂ ಸುರುಳಿ ಸುಟ್ಟುಹೋಗುತ್ತದೆ. ಹಂಡೆಯಷ್ಟು ತಾಳ್ಮೆ ಇದಕ್ಕಿಲ್ಲ.

ಕಳೆದ ಡಿಸೆಂಬರಿನ ಒಂದು ಶನಿವಾರ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕ್ರಿಸ್‌ಮಸ್ ತಾತನ ರೈಲು, ಐದು ಬೋಗಿ. ಹೊರಗೆ ಹುಲ್ಲಿನ ಮೇಲೆಲ್ಲ ಬಿಳಿ ಮಂಜು. ಹೊರಡುವ ಎರಡು ಗಂಟೆ ಮುಂಚೆಯೇ ಹೋಗಿ ಟ್ಯಾಂಕ್ ತುಂಬಿಸಿದೆ. ಪಕ್ಕದಲ್ಲಿ ನಮ್ಮ ಹಿರಿಯರೊಬ್ಬರಿದ್ದರು. ಅವರು ಹಿಂದೆ ಇಂಥವೇ ಎಂಜಿನ್ನುಗಳಲ್ಲಿ ಸೆಕೆಂಡ್‌ಮ್ಯಾನ್ ಆಗಿದ್ದವರು. ರೈಲು ಓಡುತ್ತಿರುವಾಗಲೇ ಎಂಜಿನ್ ಕೋಣೆಗೆ ಹೋಗಿ ಬಾಯ್ಲರ್ ನೋಡಿಕೊಳ್ಳುವುದು ಸೆಕೆಂಡ್‌ಮ್ಯಾನ್ ಕೆಲಸ. ಆ ಗದ್ದಲದಲ್ಲಿ, ಆ ಸೆಕೆಯಲ್ಲಿ.

ಮೊದಲು ಸುರುಳಿಯಲ್ಲಿ ನೀರು ತುಂಬಿದೆಯಾ ಅಂತ ನೋಡಬೇಕು. ಪರೀಕ್ಷೆಯ ನಲ್ಲಿಯಿಂದ ಗಾಳಿಗುಳ್ಳೆ ನಿಂತು ನೀರು ಒಂದೇ ಸಮ ಬರುವ ತನಕ ಬಿಟ್ಟೆ. ಆಮೇಲೆ ಸ್ವಿಚ್ ಹಾಕಿದೆ. ಫ್ಯಾನ್ ಗುಂಯ್ ಅಂತು, ಕಿಡಿ ಚಟಚಟ ಅಂತು, ಡೀಸೆಲ್ ವಾಸನೆ ಬಂತು. ಬೆಂಕಿ ಮಾತ್ರ ಹತ್ತಲಿಲ್ಲ. ಚಿಮಣಿಯಲ್ಲಿ ಬಿಸಿ ಕಾಣದಿದ್ದರೆ ಅಲ್ಲಿರುವ ಸ್ವಿಚ್ ತಾನಾಗೇ ಎಲ್ಲ ನಿಲ್ಲಿಸಿಬಿಡುತ್ತದೆ. ಇನ್ನೊಂದು ಸಲ ಹಾಕಲು ಹೊರಟೆ. ಹಿರಿಯರು ಕೈ ಹಿಡಿದರು. "ಸುಮ್ನೆ ಮತ್ತೆ ಮತ್ತೆ ಒತ್ತಬೇಡ. ಒಳಗೆ ಡೀಸೆಲ್ ನಿಂತಿರುತ್ತೆ. ಒಮ್ಮೆಲೇ ಹತ್ತಿದರೆ ಹುಬ್ಬು ಉಳಿಯಲ್ಲ." ಕಿಡಿ ಹಾರಿಸುವ ಕಡ್ಡಿಗಳನ್ನು ಬಿಚ್ಚಿ ನೋಡಿದರೆ ಮಸಿ ದಪ್ಪಗೆ ಕೂತಿತ್ತು. ಹಿಂದಿನ ವಾರ ಒರೆಸಬೇಕಾಗಿದ್ದವನು ನಾನೇ. ಒರೆಸಿ, ಸಂದು ಸರಿ ಮಾಡಿ, ಒಳಗಿನ ಡೀಸೆಲ್ ಹೊರಹೋಗಲಿ ಅಂತ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ. ಭುಗ್ ಅಂತು. ನೋಡುವ ಕಿಂಡಿಯಲ್ಲಿ ಕಿತ್ತಳೆ ಬಣ್ಣ.

ಮೊದಮೊದಲು ಬರುವುದು ಉಗಿಗಿಂತ ನೀರೇ ಜಾಸ್ತಿ. ಅದನ್ನು ಕೆಳಗಿನ ನಲ್ಲಿಯಿಂದ ಉಗುಳಿಸಿ, ಒಣ ಉಗಿ ಬಂದ ಮೇಲೆ ರೈಲಿನ ಕೊಳವೆಗೆ ಬಿಟ್ಟೆ. ಒತ್ತಡ ತೋರಿಸುವ ಮುಳ್ಳು ನಿಧಾನಕ್ಕೆ ಚದರ ಇಂಚಿಗೆ 45 ಪೌಂಡಿಗೆ ಏರಿತು. ಆ ಒತ್ತಡದಲ್ಲಿ ಉಗಿ ಸುಮಾರು 145 ಡಿಗ್ರಿ ಬಿಸಿ. ಬೋಗಿಗಳ ನಡುವಿನ ಹೋಸನ್ನು ಚರ್ಮದ ಗ್ಲೌಸ್ ಇಲ್ಲದೆ ಮುಟ್ಟುವ ಹಾಗೇ ಇಲ್ಲ.

ಅರ್ಧ ಗಂಟೆ ಆಯ್ತು. ಮೊದಲ ಮೂರು ಬೋಗಿ ಬೆಚ್ಚಗೆ, ಕೊಳವೆಗಳು ಟಿಕ್ ಟಿಕ್ ಅನ್ನುತ್ತಿದ್ದವು. ನಾಲ್ಕನೆಯದು ಉಗುರು ಬೆಚ್ಚಗೆ. ಐದನೆಯದು ಮಂಜುಗಡ್ಡೆ! ಒತ್ತಡ ಸಾಲದು ಅಂದುಕೊಂಡು ನಾನು ಬಾಯ್ಲರ್ ಕಡೆ ಓಡಿದೆ. ಹಿರಿಯರು ಉಲ್ಟಾ ರೈಲಿನ ಬಾಲದ ಕಡೆ ನಡೆದರು. ಕೊನೆಯ ಬೋಗಿಯ ಹಿಂದಿನ ಕಾಕನ್ನು, ಅಂದರೆ ಉಗಿ ಕೊಳವೆಯ ತುದಿಯ ನಲ್ಲಿಯನ್ನು, ನಾನು ಬಿಗಿಯಾಗಿ ಮುಚ್ಚಿದ್ದೆ. ಉಗಿ ವೇಸ್ಟ್ ಆಗಬಾರದಲ್ವಾ! ಆದರೆ ಉಗಿ ಬಿಸಿ ಕೊಟ್ಟು ತಣ್ಣಗಾದರೆ ನೀರಾಗುತ್ತದೆ. ಆ ನೀರಿಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಮೊದಲಿಂದ ಕೊಳವೆಯಲ್ಲಿದ್ದ ಗಾಳಿಗೂ ಇಲ್ಲ. ಅವೆರಡೂ ಬಾಲದಲ್ಲಿ ಬಿರಡೆ ಹಾಕಿದ ಹಾಗೆ ಕೂತಿದ್ದವು. ಕಾಕನ್ನು ಕೂದಲೆಳೆಯಷ್ಟು ತೆರೆದರು. ಮೊದಲು ಪಿಚಕಾರಿಯಂತೆ ನೀರು ಚಿಮ್ಮಿ ನನ್ನ ಪ್ಯಾಂಟ್ ಒದ್ದೆಯಾಯಿತು, ಆಮೇಲೆ ಬುಸ್ ಅಂತ ಬಿಳಿ ಉಗಿ. ಹತ್ತೇ ನಿಮಿಷದಲ್ಲಿ ಐದನೇ ಬೋಗಿಯ ಕಿಟಕಿಗಳಲ್ಲಿ ಹಬೆ ಕೂತಿತು. ಹಳೇ ಫೋಟೋಗಳಲ್ಲಿ ಡೀಸೆಲ್ ರೈಲಿನ ಬಾಲದಲ್ಲೂ ಬಿಳಿ ಹೊಗೆ ಯಾಕೆ ಅಂತ ನನಗೆ ಗೊತ್ತಾದದ್ದು ಅವತ್ತು.

ಹೀಗೆ ಹೋದ ನೀರು ವಾಪಸ್ ಬರುವುದಿಲ್ಲ, ಎಲ್ಲ ಜಲ್ಲಿಯ ಮೇಲೆ. ದೂರದ ಓಟಕ್ಕೆ ಟ್ಯಾಂಕ್ ಸಾಲದು ಅಂತ ಡೆಲ್ಟಿಕ್‌ನಂಥ ದೊಡ್ಡ ಡೀಸೆಲ್ಲುಗಳಿಗೆ, ಹಳಿಗಳ ನಡುವಿನ ತೊಟ್ಟಿಯಿಂದ ಓಡುತ್ತಲೇ ನೀರು ಮೊಗೆಯುವ ಸೌಟನ್ನೂ ಜೋಡಿಸಿದ್ದರು. ಆಮೇಲೆ ಕರೆಂಟಿನ ಹೀಟರ್ ಬೋಗಿಗಳು ಬಂದವು. 1983ರಲ್ಲಿ ಮೂರು ಕ್ಲಾಸ್ 25 ಎಂಜಿನ್ನುಗಳನ್ನೇ ಬರೀ ಕರೆಂಟ್ ಕೊಡುವ ಗಾಡಿಗಳಾಗಿ ಬದಲಿಸಿ, ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಕಡೆಯ ರಾತ್ರಿ ರೈಲಿಗೆ ಜೋಡಿಸಿದರು. ಹೆಸರು ಎಥೆಲ್, ಅಲ್ಲಿ ಹೆಂಗಸರಿಗೆ ಇಡುವ ಹೆಸರು. ಅಂದರೆ ನಮ್ಮ ಎಂಜಿನ್ನಿನ ಅಕ್ಕತಂಗಿಯರೇ!

ಸಂಜೆ ಬೆಂಕಿ ಆರಿಸಿ, ಒತ್ತಡ ಇಳಿಸಿ, ಸುರುಳಿಯಿಂದ ಟ್ಯಾಂಕಿನವರೆಗೆ ಎಲ್ಲ ನೀರನ್ನೂ ಬಸಿದೆ. ಒಳಗೇ ಹೆಪ್ಪುಗಟ್ಟಿದರೆ ಕೊಳವೆ ಸೀಳುತ್ತದೆ. ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಎಂಜಿನ್ನಿನ ಕೆಳಗೆ ಆ ನೀರು ಗಾಜಿನ ಹಲಗೆಯಾಗಿತ್ತು. ಅದರ ಮೇಲೆ ಜಾರದ ಹಾಗೆ ಕಾಲಿಡುತ್ತಾ ಹೋಸ್ ಎಳೆದುಕೊಂಡು ಹೋಗಿ ಮತ್ತೆ ಟ್ಯಾಂಕ್ ತುಂಬಿಸಿದೆ.