ಚೈನ್ ಸಾ ಟ್ಯೂನಿಂಗ್: ಚೈನಿನ ಹಲ್ಲಿನಿಂದ ಕಾರ್ಬೊರೇಟರ್‌ವರೆಗೆ

ಹೂಮಳೆ ಬಿದ್ದ ಮೇಲೆ ಮುಂಗಾರು ಹಿಡಿಯುವುದರೊಳಗೆ ಕೊಡಗಿನ ಕಾಫಿ ತೋಟಗಳಲ್ಲಿ ಮರ ಕಪಾತು ಮುಗಿಯಬೇಕು. ಮುಂಗಾರು ಬಂದ ಮೇಲೆ ರಸ್ತೆಗೂ ವಿದ್ಯುತ್ ತಂತಿಗೂ ಅಡ್ಡಬಿದ್ದ ಮರಗಳನ್ನು ತೆರವುಗೊಳಿಸುವ ಕೆಲಸ ಶುರುವಾಗುತ್ತದೆ. ಈ ತಿಂಗಳುಗಳಲ್ಲಿ ಚೈನ್ ಸಾ ಬಲ ಕುಂದಿದಂತೆ ಕಂಡರೆ ಬಹುತೇಕರು ಮೊದಲು ಕೈಹಾಕುವುದು ಗಾಳಿ–ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ನ ಸ್ಕ್ರೂಗಳಿಗೆ, ಇಲ್ಲವೇ ಸೈಲೆನ್ಸರ್‌ಗೆ. ಕ್ರಮ ಇದಕ್ಕೆ ವಿರುದ್ಧವಾಗಿರಬೇಕು. ಮೊದಲು ಚೈನ್, ಆಮೇಲೆ ಗಾಳಿ ಮತ್ತು ಇಂಧನ, ಅನಂತರ ಸ್ಕ್ರೂ; ಭಾಗಗಳನ್ನು ಮಾರ್ಪಡಿಸುವ ಮಾತು ಕೊನೆಗೆ. ಮೊಂಡು ಚೈನ್ ಇರುವ ಯಂತ್ರವನ್ನು ಎಷ್ಟೇ ನಿಖರವಾಗಿ ಟ್ಯೂನ್ ಮಾಡಿದರೂ ಅದರ ಬಲವೆಲ್ಲ ಚೈನ್ ಸುತ್ತುವ ಪಟ್ಟಿಯಾದ ಬಾರನ್ನು ಬಿಸಿ ಮಾಡುವುದಕ್ಕೇ ವ್ಯಯವಾಗುತ್ತದೆ.

ಚೈನ್ ಮತ್ತು ಬಾರ್

ಚೈನಿನ ಸ್ಥಿತಿಯನ್ನು ತಿಳಿಯಲು ಕೊಯ್ಯುವಾಗ ಉದುರುವುದನ್ನು ನೋಡಿದರೆ ಸಾಕು. ದಪ್ಪನೆಯ ಚಕ್ಕೆಗಳು ಬೀಳುತ್ತಿದ್ದು, ಯಂತ್ರವು ತನ್ನ ಭಾರದಿಂದಲೇ ಮರದೊಳಗೆ ಇಳಿಯುತ್ತಿದ್ದರೆ ಹಲ್ಲು ಹರಿತವಾಗಿದೆ ಎಂದರ್ಥ. ನುಣ್ಣನೆಯ ಪುಡಿ ಬೀಳುತ್ತಿದ್ದರೆ, ಇಲ್ಲವೇ ಕೈಯಿಂದ ಒತ್ತಬೇಕಾಗಿ ಬಂದರೆ ಅರ ಹಿಡಿಯುವ ಹೊತ್ತಾಗಿದೆ. ಇಂದಿನ ಚೈನಿನ ಹಲ್ಲಿನ ಆಕಾರ ಬಂದದ್ದು ಅಮೆರಿಕದ ಒರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ ಅವರಿಂದ. ಮರ ಕೊರೆಯುವ ದುಂಬಿಯ ಮರಿಹುಳುವಿನ ದವಡೆಗಳು ಎಡಕ್ಕೂ ಬಲಕ್ಕೂ ಸರದಿಯಂತೆ ಕಚ್ಚುವುದನ್ನು 1946ರಲ್ಲಿ ಗಮನಿಸಿದ ಅವರು ಅದೇ ಮಾದರಿಯಲ್ಲಿ ಎಡ–ಬಲ ಹಲ್ಲುಗಳ ಚೈನನ್ನು ರೂಪಿಸಿದರು. ನಮ್ಮ ಅರೇಬಿಕಾ ಗಿಡಗಳನ್ನು ಕಾಡುವ ಬಿಳಿ ಕಾಂಡಕೊರಕವೂ ಅದೇ ಕುಟುಂಬದ ದುಂಬಿ ಎಂಬುದು ಬೆಳೆಗಾರರಿಗೆ ಕುತೂಹಲದ ಸಂಗತಿ.

ಹರಿತಗೊಳಿಸುವಾಗ ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಕೈಗವಸು ತೊಟ್ಟು, ಬಾರನ್ನು ವೈಸ್‌ನಲ್ಲಿ ಅಥವಾ ಮರದ ಕೊರಡಿನ ಸೀಳಿನಲ್ಲಿ ಅಲುಗದಂತೆ ನಿಲ್ಲಿಸಬೇಕು. ಉರುಟು ಅರದ ದಪ್ಪ ಚೈನಿನ ಪಿಚ್‌ಗೆ (ಕೊಂಡಿಗಳ ನಡುವಿನ ಅಂತರದ ಅಳತೆಗೆ) ಹೊಂದಿಕೊಂಡಿರಬೇಕು: ಸಣ್ಣ ಯಂತ್ರಗಳ 3/8 ಇಂಚಿನ ಲೋ ಪ್ರೊಫೈಲ್ ಚೈನಿಗೆ ಸಾಮಾನ್ಯವಾಗಿ 4 ಮಿ.ಮೀ., 0.325 ಇಂಚಿನ ಚೈನಿಗೆ 4.8 ಮಿ.ಮೀ., ದೊಡ್ಡ ಯಂತ್ರಗಳ 3/8 ಇಂಚಿನ ಚೈನಿಗೆ ತಯಾರಕರನ್ನು ಅವಲಂಬಿಸಿ 5.2 ಅಥವಾ 5.5 ಮಿ.ಮೀ. ಅರದ ಐದನೆಯ ಒಂದು ಭಾಗ ಹಲ್ಲಿನ ಮೇಲ್ಮೈಗಿಂತ ಮೇಲಿರುವಂತೆ ಹಿಡಿದು, ಹಲ್ಲಿನ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ ತಳ್ಳಬೇಕು. ಹಿಂದಕ್ಕೆ ತರುವಾಗ ಅರವನ್ನು ಎತ್ತಿಬಿಡಬೇಕು. ಸಿಲ್ವರ್ ಓಕ್‌ನಂಥ ಮರಕ್ಕೆ 30 ಡಿಗ್ರಿ ಕೋನ ಸರಿಹೋಗುತ್ತದೆ. ಹೊನ್ನೆ, ನಂದಿಯಂಥ ಗಟ್ಟಿ ಮರವನ್ನೇ ಹೆಚ್ಚಾಗಿ ಕೊಯ್ಯುವುದಾದರೆ 25 ಡಿಗ್ರಿಗೆ ಇಳಿಸಿದಲ್ಲಿ ಹರಿತ ಹೆಚ್ಚು ಹೊತ್ತು ಬಾಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಲ್ಲುಗಳ ಉದ್ದ. ಅತ್ಯಂತ ಸವೆದ ಹಲ್ಲನ್ನು ಅಳತೆಯಾಗಿಟ್ಟುಕೊಂಡು ಉಳಿದೆಲ್ಲವನ್ನೂ ಅದಕ್ಕೆ ಸಮ ಮಾಡದಿದ್ದರೆ ಕೊಯ್ತ ಒಂದು ಬದಿಗೆ ಬಾಗುತ್ತದೆ.

ಪ್ರತಿ ಹಲ್ಲಿನ ಮುಂದಿರುವ ರೇಕರ್ ಅನ್ನು ಹಲವರು ಮುಟ್ಟುವುದೇ ಇಲ್ಲ. ಕೆಲವರು ವೇಗದ ಆಸೆಯಿಂದ ಅತಿಯಾಗಿ ತಗ್ಗಿಸುತ್ತಾರೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಅದೇ. ಹಲ್ಲಿನ ತುದಿಗಿಂತ 0.65 ಮಿ.ಮೀ. ತಗ್ಗಿರುವುದು ಹೆಚ್ಚಿನ ಚೈನ್‌ಗಳಿಗೆ ಸರಿಯಾದ ಅಳತೆ. ಇದಕ್ಕಿಂತ ತಗ್ಗಿಸಿದರೆ ಯಂತ್ರ ಕುಪ್ಪಳಿಸುತ್ತದೆ, ಬಾರಿನ ತುದಿ ಕೊಯ್ಯುವವನ ಮುಖದ ಕಡೆಗೆ ಚಿಮ್ಮುವ ಅಪಾಯವೂ ಹೆಚ್ಚುತ್ತದೆ. ಕಣ್ಣಳತೆಯನ್ನು ನಂಬದೆ ಗೇಜ್ ಇಟ್ಟು ಚಪ್ಪಟೆ ಅರದಿಂದ ಉಜ್ಜಬೇಕು.

ಬಾರನ್ನು ಆಗಾಗ ಮಗುಚಿ ಹಾಕಿ, ಅದರಲ್ಲಿ ಚೈನ್ ಓಡುವ ಸಂದನ್ನೂ ಎಣ್ಣೆಯ ರಂಧ್ರವನ್ನೂ ಶುಚಿ ಮಾಡಬೇಕು. ಎರಡು ಚೈನ್ ಸವೆಯುವ ಹೊತ್ತಿಗೆ ಚೈನನ್ನು ತಿರುಗಿಸುವ ಹಲ್ಲುಚಕ್ರವಾದ ಸ್ಪ್ರಾಕೆಟ್ ಬದಲಾಯಿಸುವುದು ಒಳ್ಳೆಯದು. ಚೈನಿಗೆ ವಾಹನದಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಸುರಿಯುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಅದರಲ್ಲಿರುವ ಲೋಹದ ಕಣಗಳು ಪಂಪನ್ನೂ ಬಾರನ್ನೂ ಸವೆಸುತ್ತವೆ, ಚಿಮ್ಮುವ ಎಣ್ಣೆಯೆಲ್ಲ ಕಾಫಿ ಗಿಡಕ್ಕೂ ಮಣ್ಣಿಗೂ ಸೇರುತ್ತದೆ. ಈ ರೂಢಿಯನ್ನು ಬಿಡಲೇಬೇಕು.

ಗಾಳಿ ಮತ್ತು ಇಂಧನ

ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ. ಅಂಥ ಸ್ಥಿತಿಯಲ್ಲಿ ಸ್ಕ್ರೂ ತಿರುಗಿಸಿ ಪೆಟ್ರೋಲ್ ತಗ್ಗಿಸಿದರೆ, ಫಿಲ್ಟರ್ ತೊಳೆದ ದಿನ ಎಂಜಿನ್‌ಗೆ ಪೆಟ್ರೋಲ್ ಸಾಲದೆ ಹೋಗುತ್ತದೆ. ಆದ್ದರಿಂದ ಟ್ಯೂನಿಂಗ್‌ಗೆ ಮೊದಲು ಫಿಲ್ಟರ್ ಶುಚಿಯಾಗಿರಬೇಕು. ಸಿಲಿಂಡರಿನ ರೆಕ್ಕೆಗಳ ನಡುವೆ ಸೇರಿದ ಹೊಟ್ಟನ್ನೂ ತೆಗೆಯಬೇಕು. ಸ್ಪಾರ್ಕ್ ಪ್ಲಗ್‌ನ ಅಂತರ ಸಾಮಾನ್ಯವಾಗಿ 0.5 ಮಿ.ಮೀ. ಇರುತ್ತದೆ.

ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ., ಅಂದರೆ 50ಕ್ಕೆ 1. ಯಂತ್ರದ ಕೈಪಿಡಿ 25ಕ್ಕೆ 1 ಎಂದು ಹೇಳಿದ್ದರೆ 40 ಮಿ.ಲೀ. 2025ರ ಹೊತ್ತಿಗೆ ಬಂಕ್‌ಗಳ ಸಾಮಾನ್ಯ ಪೆಟ್ರೋಲ್‌ನಲ್ಲಿ ಎಥೆನಾಲ್ ಪ್ರಮಾಣ ಶೇ 20ಕ್ಕೆ ಏರಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕೊಡಗಿನ ಮಳೆಗಾಲದ ತೇವದಲ್ಲಿ ಅರ್ಧ ತುಂಬಿದ ಕ್ಯಾನ್ ವಾರಗಟ್ಟಲೆ ಕುಳಿತರೆ ತಳದಲ್ಲಿ ನೀರು ಬೇರ್ಪಡಬಹುದು. ಎಥೆನಾಲ್‌ನಲ್ಲಿಯೇ ಆಮ್ಲಜನಕ ಇರುವುದರಿಂದ ಹಳೆಯ ಪೆಟ್ರೋಲ್‌ಗೆ ಹೊಂದಿಸಿದ ಕಾರ್ಬೊರೇಟರ್ ಈಗ ತುಸು ಹೆಚ್ಚು ಪೆಟ್ರೋಲ್ ಬಿಡುವಂತೆ ತೆರೆದಿರಬೇಕಾಗುತ್ತದೆ. ಬೇಕಾದಷ್ಟನ್ನೇ ಬೆರೆಸಿ, ತಿಂಗಳೊಳಗೆ ಮುಗಿಸಿ, ಯಂತ್ರವನ್ನು ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಬೇಕು.

ಮೂರು ಸ್ಕ್ರೂಗಳು

ಕಾರ್ಬೊರೇಟರ್‌ನ 'ಎಲ್' ಸ್ಕ್ರೂ ಕಡಿಮೆ ವೇಗದ ಪೆಟ್ರೋಲನ್ನೂ 'ಎಚ್' ಸ್ಕ್ರೂ ಪೂರ್ಣ ವೇಗದ ಪೆಟ್ರೋಲನ್ನೂ ನಿಯಂತ್ರಿಸುತ್ತದೆ. 'ಎಲ್‌ಎ' ಅಥವಾ 'ಟಿ' ಎಂಬುದು ಸ್ಲೋ ಸ್ಪೀಡ್‌ನ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ವೇಗದ, ಸ್ಕ್ರೂ. ಮೊದಲೆರಡನ್ನು ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ಈ ಎಂಜಿನ್‌ಗೆ ಬೇರೆ ಎಣ್ಣೆಯಿಲ್ಲ, ಪಿಸ್ಟನ್‌ಗೆ ಬೇಕಾದ ಜಿಡ್ಡು ಪೆಟ್ರೋಲ್‌ನ ಜೊತೆಗೇ ಬರುತ್ತದೆ. ಹಾಗಾಗಿ 'ಎಚ್' ಅನ್ನು ಮುಚ್ಚುತ್ತ ಹೋದಂತೆ ವೇಗ ಏರುತ್ತದೆ, ಶಾಖವೂ ಏರುತ್ತದೆ, ಜಿಡ್ಡು ಮಾತ್ರ ಇಳಿಯುತ್ತದೆ. ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ಸೀಜ್ ಆಗುವುದು ಹೀಗೆ.

ಅನೇಕ ಮಾದರಿಗಳಲ್ಲಿ ಎರಡೂ ಸ್ಕ್ರೂಗಳನ್ನು ಒತ್ತಡ ಹಾಕದೆ ಮುಚ್ಚಿ ಒಂದೊಂದು ಸುತ್ತು ತೆರೆಯುವುದು ಆರಂಭದ ಸ್ಥಾನ. ಕೈಪಿಡಿ ಬೇರೆ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಬಾರ್ ಮತ್ತು ಚೈನ್ ಹಾಕಿಯೇ ಎಂಜಿನನ್ನು ಕೆಲವು ನಿಮಿಷ ಬಿಸಿ ಮಾಡಬೇಕು. ಮೊದಲು 'ಎಲ್' ಅನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಿ ಎಂಜಿನ್ ಅತಿ ಚುರುಕಾಗಿ ಓಡುವ ಜಾಗವನ್ನು ಗುರುತಿಸಿ, ಅಲ್ಲಿಂದ ಎಡಕ್ಕೆ ಕಾಲು ಸುತ್ತಿನೊಳಗೆ ತೆರೆಯಬೇಕು. ಆಕ್ಸಿಲರೇಟರ್ ಒತ್ತಿದಾಗ ತಡವರಿಸಿದರೆ ಇನ್ನೂ ತುಸು ತೆರೆಯಬೇಕು. ಹೊಗೆ ಬಿಟ್ಟು ಮಂದವಾಗಿ ಏರಿದರೆ ತುಸು ಮುಚ್ಚಬೇಕು. ಬಳಿಕ 'ಎಲ್‌ಎ' ಸ್ಕ್ರೂವಿನಿಂದ, ಎಂಜಿನ್ ಆರದಂತೆ ಮತ್ತು ಚೈನ್ ಸ್ವಲ್ಪವೂ ಚಲಿಸದಂತೆ ಸ್ಲೋ ಸ್ಪೀಡನ್ನು ಹೊಂದಿಸಬೇಕು. ವೇಗ ತಾನಾಗಿ ಏರಿಳಿಯುತ್ತಿದ್ದರೆ ಅಥವಾ ಆಕ್ಸಿಲರೇಟರ್ ಬಿಟ್ಟರೂ ಇಳಿಯದಿದ್ದರೆ ಎಲ್ಲೋ ಗಾಳಿ ಸೋರುತ್ತಿರುವ ಸಾಧ್ಯತೆ ಇದೆ; ಅದಕ್ಕೆ ಸೀಲ್ ಮತ್ತು ಹೋಸ್‌ಗಳನ್ನು ನೋಡಬೇಕೇ ಹೊರತು ಸ್ಕ್ರೂವಿನಲ್ಲಿ ಪರಿಹಾರವಿಲ್ಲ.

'ಎಚ್' ಸ್ಕ್ರೂವಿಗೆ ಕಿವಿ ಬೇಕು. ಮರಕ್ಕೆ ತಾಗಿಸದೆ ಕೆಲವೇ ಸೆಕೆಂಡು ಪೂರ್ಣ ವೇಗ ಕೊಟ್ಟಾಗ ಶಬ್ದ ಒಡೆದೊಡೆದು ಗೊರಗೊರನೆ ಬರಬೇಕು. ಮರದೊಳಗೆ ಇಳಿದ ಕೂಡಲೇ ಅದು ಮಾಯವಾಗಿ ಶಬ್ದ ಒಂದೇ ಸಮನೆ ಆಗಬೇಕು. ಮರದಲ್ಲಿಯೂ ಗೊರಗುಟ್ಟಿದರೆ ಸ್ವಲ್ಪವೇ ಮುಚ್ಚಬೇಕು. ಮರದ ಹೊರಗೆ ತೀಕ್ಷ್ಣವಾಗಿ ಕಿರುಚುತ್ತಿದ್ದರೆ ಆ ಗಳಿಗೆಯೇ ನಿಲ್ಲಿಸಿ ತೆರೆಯಬೇಕು. ಎಂಜಿನ್ ವೇಗ ಅಳೆಯುವ ಟ್ಯಾಕೋಮೀಟರ್ ಇದ್ದರೆ ಕೈಪಿಡಿಯ ಗರಿಷ್ಠ ವೇಗವನ್ನು ಮೀರದಂತೆ ನೋಡಿಕೊಳ್ಳಬಹುದು.

ಕೊಡಗಿನವರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಎತ್ತರ. ಸಾವಿರ ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ 10ರಷ್ಟು ಕಡಿಮೆಯಾಗುತ್ತದೆ. ಕರಾವಳಿಯಲ್ಲಿ ಹೊಂದಿಸಿದ ಯಂತ್ರ ಸಾವಿರ ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಪೆಟ್ರೋಲ್ ಹೆಚ್ಚಾಗಿ ಮಂಕಾಗುವುದು ಸಹಜ. 'ಎಚ್' ಅನ್ನು ತುಸು ಮುಚ್ಚಿದರೆ ಸರಿಹೋಗುತ್ತದೆ. ಇದು ತಿರುಗುಮುರುಗಾದರೆ ಅಪಾಯ. ಮಡಿಕೇರಿಯಲ್ಲಿ ಬಿಗಿಯಾಗಿ ಹೊಂದಿಸಿದ ಯಂತ್ರವನ್ನು ಸಂಪಾಜೆ ಘಾಟಿ ಇಳಿಸಿ ಸುಳ್ಯದ ತೋಟದಲ್ಲಿ ಹಾಗೆಯೇ ಓಡಿಸಿದರೆ ದಟ್ಟ ಗಾಳಿಗೆ ಪೆಟ್ರೋಲ್ ಸಾಲದು. ಘಟ್ಟ ಇಳಿಸುವ ಯಂತ್ರದ 'ಎಚ್' ಸ್ಕ್ರೂವನ್ನು ಮೊದಲೇ ತೆರೆದಿಟ್ಟು, ಅಲ್ಲಿ ಶಬ್ದ ಕೇಳಿ ಹೊಂದಿಸಬೇಕು.

ಸೈಲೆನ್ಸರ್ ತೆರೆಯುವುದಾದರೆ

ಸೈಲೆನ್ಸರ್‌ನ ಹೊರದಾರಿಯನ್ನು ಹಿಗ್ಗಿಸಿದರೆ ಎಂಜಿನ್ ಸರಾಗವಾಗಿ ಉಸಿರಾಡಿ ಬಲ ಹೆಚ್ಚುವುದು ನಿಜ. ಆದರೆ ವಾರಂಟಿ ಹೋಗುತ್ತದೆ, ಸದ್ದು ಹೆಚ್ಚುತ್ತದೆ, ಕಿವಿರಕ್ಷಕ ಅನಿವಾರ್ಯವಾಗುತ್ತದೆ. ಮಾಡುವುದೇ ಆದರೆ ಹೊರದಾರಿಯ ಒಟ್ಟು ವಿಸ್ತಾರ ಸಿಲಿಂಡರಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಪೋರ್ಟ್‌ನ ಮುಕ್ಕಾಲು ಭಾಗವನ್ನು ಮೀರದಿರಲಿ. ಕೊರೆದ ಲೋಹದ ಚೂರು ಒಳಗೆ ಉಳಿಯದಿರಲಿ. ಕಿಡಿ ತಡೆಯುವ ಜಾಲರಿಯನ್ನು ಶುಚಿ ಮಾಡಿ ಮತ್ತೆ ಕೂರಿಸಲೇಬೇಕು, ಏಕೆಂದರೆ ಫೆಬ್ರವರಿ–ಮಾರ್ಚ್‌ನ ಒಣ ತರಗೆಲೆಗೆ ಒಂದು ಕಿಡಿ ಸಾಕು. ಬೇಸ್ ಗ್ಯಾಸ್ಕೆಟ್ ತೆಗೆದು ಕಂಪ್ರೆಷನ್ ಏರಿಸುವುದು, ಪೋರ್ಟ್ ಕೊರೆಯುವುದು ಮುಂತಾದವು ಅಳತೆಯ ಸಾಧನಗಳಿರುವ ವರ್ಕ್‌ಶಾಪ್‌ನ ಕೆಲಸ. ತೋಟದ ಶೆಡ್‌ನಲ್ಲಿ ಮಾಡುವಂಥವಲ್ಲ.

ಹೊರದಾರಿ ಹಿಗ್ಗಿದ ಮೇಲೆ ಹಳೆಯ ಸ್ಕ್ರೂ ಸ್ಥಾನದಲ್ಲಿ ಪೆಟ್ರೋಲ್ ಸಾಲುವುದಿಲ್ಲ. ಮೊದಲ ಬಾರಿ ಚಾಲೂ ಮಾಡುವ ಮುನ್ನವೇ 'ಎಚ್' ಅನ್ನು ಕಾಲು ಸುತ್ತು ತೆರೆದು, ಮೇಲೆ ಹೇಳಿದ ಕ್ರಮದಲ್ಲಿ ಮತ್ತೆ ಹೊಂದಿಸಬೇಕು. ಕಾರ್ಬೊರೇಟರನ್ನು ಎಲೆಕ್ಟ್ರಾನಿಕ್ ಆಗಿ ತಾನೇ ಹೊಂದಿಸಿಕೊಳ್ಳುವ ಹೊಸ ಮಾದರಿಗಳಲ್ಲಿ ಈ ಸ್ಕ್ರೂಗಳಿರುವುದಿಲ್ಲ. ಅವುಗಳ ಸೈಲೆನ್ಸರ್ ಮುಟ್ಟದಿರುವುದೇ ಲೇಸು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟು ಮರ ಕೊಯ್ದ ಬಳಿಕ ಎಂಜಿನ್ ತಣಿಸಿ ಪ್ಲಗ್ ಬಿಚ್ಚಿ ನೋಡಬೇಕು. ತುದಿ ತಿಳಿಗಂದು ಬಣ್ಣವಿದ್ದರೆ ಹೊಂದಾಣಿಕೆ ಸರಿಯಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಸ್ವಲ್ಪ ಮುಚ್ಚಬಹುದು. ಬಿಳಿಚಿಕೊಂಡಿದ್ದರೆ 'ಎಚ್' ಸ್ಕ್ರೂವನ್ನು ಇನ್ನಷ್ಟು ತೆರೆಯದೆ ಆ ಯಂತ್ರವನ್ನು ಮತ್ತೆ ಮರಕ್ಕೆ ಹಚ್ಚಬಾರದು.