‘ಹೇಮಾರ್ಕೆಟ್ ಪ್ರತಿಮೆ ಹತ್ರ ಸಿಗೋಣ’ ಅನ್ನಬೇಡಿ

ನ್ಯೂಕಾಸಲ್‌ಗೆ (ಇಂಗ್ಲೆಂಡಿನ ಊರು) ಹೊಸದಾಗಿ ಬಂದಿದ್ದೀರಾ? ಹಾಗಾದರೆ ನನ್ನ ಕಡೆಯಿಂದ ಮೊದಲ ಮಾತು ಇದು. ಯಾರಿಗೂ ‘ಹೇಮಾರ್ಕೆಟ್ ಪ್ರತಿಮೆ ಹತ್ರ ಸಿಗೋಣ’ ಅಂತ ಹೇಳಬೇಡಿ.

ನಾನು ಹೇಳಿದ್ದೆ. ಆಗಷ್ಟೇ ಊರಿಂದ ಬಂದ ಒಂದು ಕುಟುಂಬವನ್ನು ಊಟಕ್ಕೆ ಕರೆದಿದ್ದೆವು. ಜನವರಿ ತಿಂಗಳು. ಅವರ ಕೈಯಲ್ಲಿ ಎಂಟು ತಿಂಗಳ ಕೂಸು. ಇನ್ನೂ ಸಿಮ್ ತಗೊಂಡಿರಲಿಲ್ಲ. ಅವರು ಹೇಮಾರ್ಕೆಟ್ ಮೆಟ್ರೋ ಸ್ಟೇಷನ್ ಮುಂದೆ ಎತ್ತರದ ಕಂಬದ ಕೆಳಗೆ ನಿಂತಿದ್ದರು. ಅದರ ತುದಿಯಲ್ಲಿ ರೆಕ್ಕೆ ಇರುವ ಹೆಣ್ಣಿನ ಪ್ರತಿಮೆ. ಅದು ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಾರಕ. ನಾವು ಅಲ್ಲಿಂದ ಸ್ವಲ್ಪ ದೂರ, ಬ್ಯಾರಸ್ ಬ್ರಿಜ್‌ನಲ್ಲಿ ಗ್ರೇಟ್ ನಾರ್ತ್ ಮ್ಯೂಸಿಯಂ ಮುಂದೆ, ಆರ್ಮ್‌ಸ್ಟ್ರಾಂಗ್ ಪ್ರತಿಮೆ ಹತ್ರ ಕಾಯುತ್ತಿದ್ದೆವು. ನಡುವೆ ಚರ್ಚ್ ಪಕ್ಕದಲ್ಲಿ ಮತ್ತೊಂದು ಸ್ಮಾರಕ. ಮುಕ್ಕಾಲು ಗಂಟೆ ಹೀಗೇ ಕಳೆಯಿತು. ಕೊನೆಗೆ ಸಿಕ್ಕಾಗ ಕೂಸಿನ ಕೆನ್ನೆ ಕೆಂಪಗಾಗಿತ್ತು. ಆ ತಾಯಿ ಏನೂ ಅನ್ನಲಿಲ್ಲ, ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ನನಗೆ ಇವತ್ತಿಗೂ ಅದು ನೆನಪಾದರೆ ಸಂಕಟ ಆಗುತ್ತದೆ.

ನನ್ನದು ಊರಿನ ಅಭ್ಯಾಸ. ಮಂಡ್ಯದಲ್ಲಿ ‘ಸರ್ ಎಂ.ವಿ. ಪ್ರತಿಮೆ ಹತ್ರ ಬಾ’ ಅಂದರೆ ಸಾಕು, ಯಾರೂ ದಾರಿ ತಪ್ಪುವುದಿಲ್ಲ. ಇಲ್ಲಿ ಹಾಗಲ್ಲ. ಗ್ರೇ ಸ್ಮಾರಕ ಒಂದು ಕಡೆ, ರೈಲ್ವೆ ಸ್ಟೇಷನ್ ಹತ್ರ ಸ್ಟೀಫನ್‌ಸನ್ ಇನ್ನೊಂದು ಕಡೆ. ಪೂರ್ತಿ ಹೆಸರು ಹೇಳಿ. ಹೊಸಬರಾದರೆ ನೀವೇ ಸ್ಟೇಷನ್ ಬಾಗಿಲಿಗೆ ಹೋಗಿ ಕರ್ಕೊಂಡು ಬನ್ನಿ.

ಕಾಗದಪತ್ರದ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಇ-ವೀಸಾ ಖಾತೆ, ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಜಿಪಿ ಅಂದರೆ ಮನೆ ಹತ್ರದ ಡಾಕ್ಟರ ಹತ್ರ ನೋಂದಣಿ, ಕೌನ್ಸಿಲ್ ಟ್ಯಾಕ್ಸ್. ಬಂದ ತಕ್ಷಣ ಶುರು ಮಾಡಿ.

ಆಮೇಲೆ ಒಂದು ಬಿಡುವಿನ ದಿನ ಆ ಆರ್ಮ್‌ಸ್ಟ್ರಾಂಗ್ ಪ್ರತಿಮೆಯ ಮುಂದೆ ನಿಂತು ನಿಧಾನವಾಗಿ ನೋಡಿ. ನಾನು ಎರಡು ವರ್ಷ ದಿನಾ ಅದರ ಪಕ್ಕದಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ತಲೆ ಎತ್ತಿ ನೋಡಿರಲಿಲ್ಲ. ಯಾರೋ ಲಾರ್ಡ್ ಇರಬೇಕು, ನಮಗೇನು ಅಂದುಕೊಂಡಿದ್ದೆ. ಈ ಊರಲ್ಲಿ ಬಾಡಿಗೆಗೆ ಇದ್ದೇವೆ ಅನ್ನುವ ಮನಸ್ಸು ಅದು. ಆ ಮನಸ್ಸಿನಲ್ಲೇ ಎರಡು ವರ್ಷ ಹಾಳು ಮಾಡಿಕೊಂಡೆ.

ವಿಲಿಯಂ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು ಇದೇ ಊರಲ್ಲಿ, 1810ರಲ್ಲಿ. ಕಲಿತದ್ದು ವಕೀಲಿ. ಒಮ್ಮೆ ಮೀನು ಹಿಡಿಯಲು ಹೋದಾಗ ಹಳ್ಳದ ಪಕ್ಕ ಒಂದು ನೀರಿನ ಚಕ್ರ ತಿರುಗುವುದನ್ನು ನೋಡಿದ. ನೀರಿನ ಶಕ್ತಿಯಲ್ಲಿ ಎಷ್ಟೊಂದು ಸುಮ್ನೆ ಹೋಗುತ್ತಿದೆಯಲ್ಲ ಅನ್ನಿಸಿತು. ಆ ಯೋಚನೆ ಆತನನ್ನು ಬಿಡಲಿಲ್ಲ. ನೀರಿನ ಒತ್ತಡದಿಂದ ಭಾರ ಎತ್ತುವ ಕ್ರೇನ್ ಮಾಡಿದ. 1847ರಲ್ಲಿ ಟೈನ್ ನದಿಯ ದಡದಲ್ಲಿ, ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ಶುರುವಾಯಿತು. ಲಂಡನ್ನಿನ ಟವರ್ ಬ್ರಿಜ್ ಎತ್ತುವ ಯಂತ್ರವನ್ನೂ ಆತನ ಕಂಪನಿಯೇ ಮಾಡಿತು. ಆತ 1900ರಲ್ಲಿ ತೀರಿಕೊಂಡ ಮೇಲೆ, 1906ರಲ್ಲಿ ಈ ಸ್ಮಾರಕ ಬಂತು. ಕಂಚಿನ ಪ್ರತಿಮೆ ಮಾಡಿದವರು ಹ್ಯಾಮೋ ಥಾರ್ನಿಕ್ರಾಫ್ಟ್.

ಪ್ರತಿಮೆಯ ಎರಡು ಬದಿಯಲ್ಲಿ ಕಂಚಿನ ಉಬ್ಬುಚಿತ್ರಗಳಿವೆ. ಒಂದರಲ್ಲಿ ಹಡಗಿಗೆ ದಾರಿ ಬಿಡಲು ತಿರುಗುವ, ಟೈನ್ ನದಿಯ ಸ್ವಿಂಗ್ ಬ್ರಿಜ್, ಇನ್ನೊಂದರಲ್ಲಿ ಫಿರಂಗಿ. ಮಕ್ಕಳನ್ನು ಕರೆದುಕೊಂಡು ಹೋದಾಗ ಅವಸರ ಮಾಡಬೇಡಿ. ನಾನು ಮಾಡಿದ ದೊಡ್ಡ ತಪ್ಪು ಅಲ್ಲೇ ಆಯಿತು.

ಮಗಳಿಗೆ ಆಗ ಹತ್ತು ವರ್ಷ. ನಾನು ಆ ಹೊತ್ತಿಗೆ ಒಂದಿಷ್ಟು ಓದಿಕೊಂಡಿದ್ದೆ. ಜೆಸ್ಮಂಡ್ ಡೀನ್ ಅಂತ ನಾವು ವಾಕಿಂಗ್ ಹೋಗುವ ತೋಪನ್ನು ಊರಿಗೆ ಬಿಟ್ಟುಕೊಟ್ಟದ್ದು ಈತನೇ, ಇಲ್ಲಿನ ವಿಶ್ವವಿದ್ಯಾಲಯದ ಮೂಲ ಕಾಲೇಜಿಗೆ ಈತನ ಹೆಸರೇ ಇತ್ತು ಅಂತೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಅವಳು ಫಿರಂಗಿಯ ಚಿತ್ರದ ಮೇಲೆ ಬೆರಳಿಟ್ಟಳು. ‘ಇದನ್ನ ಯಾರ ಮೇಲೆ ಹೊಡೆದ್ರು ಅಪ್ಪಾ?’ ಅಂದಳು. ನಾನು, ‘ದೊಡ್ಡವರ ಬಗ್ಗೆ ಹಾಗೆಲ್ಲ ಕೇಳಬಾರದು, ಸುಮ್ನೆ ಬಾ’ ಅಂದುಬಿಟ್ಟೆ. ನನ್ನ ಅಪ್ಪ ನನಗೆ ಹೇಳುತ್ತಿದ್ದ ಮಾತು ಅದು. ಬಾಯಿಗೆ ತಾನಾಗೇ ಬಂತು.

ಅವಳು ಲೈಬ್ರರಿಗೆ ಹೋಗಿ ತಾನೇ ಹುಡುಕಿಕೊಂಡಳು. 1860ರಲ್ಲಿ ಚೀನಾದ ಮೇಲೆ ನಡೆದ ಯುದ್ಧದಲ್ಲಿ ಆರ್ಮ್‌ಸ್ಟ್ರಾಂಗ್ ಫಿರಂಗಿ ಬಳಸಿದ್ದರು. ಸ್ವಿಂಗ್ ಬ್ರಿಜ್ 1876ರಲ್ಲಿ ತೆರೆದಾಗ ಮೊದಲು ದಾಟಿದ್ದು ಯುರೋಪಾ ಎಂಬ ಇಟಲಿಯ ಹಡಗು. ಅದು ಎಲ್ಸ್‌ವಿಕ್‌ನಿಂದ ನೂರು ಟನ್ನಿನ ಫಿರಂಗಿ ಒಯ್ಯಲು ಬಂದಿತ್ತು. ಹಳೆಯ ಸೇತುವೆ ತಗ್ಗಾಗಿದ್ದರಿಂದ ದೊಡ್ಡ ಹಡಗುಗಳು ಕಾರ್ಖಾನೆ ತನಕ ಬರಲು ಆಗುತ್ತಿರಲಿಲ್ಲ. ಅಂದರೆ ಆ ಎರಡು ಚಿತ್ರಗಳೂ ಒಂದೇ ಕತೆ. ಇದನ್ನು ನನಗೆ ತಿಳಿಸಿದ್ದು ಅವಳು. ಅದೂ ನಾನು ಕೇಳಿದ ಮೇಲೆ. ಅವಳಾಗಿ ಬಂದು ಹೇಳಲಿಲ್ಲ. ಎಷ್ಟೋ ತಿಂಗಳು ಅವಳು ನನ್ನ ಹತ್ರ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಳು.

ಇಲ್ಲಿನ ಶಾಲೆಯಲ್ಲಿ ಪ್ರಶ್ನೆ ಕೇಳುವುದನ್ನು ಕಲಿಸುತ್ತಾರೆ. ನಾವು ಮನೆಯಲ್ಲಿ ಬಾಯಿ ಮುಚ್ಚಿಸುತ್ತೇವೆ. ಮಕ್ಕಳು ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋಗುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಅವರ ಕಿವಿಗೆ ಬೀಳುವುದು ಜಾಸ್ತಿ ‘ಬೇಡ’, ‘ಸುಮ್ನಿರು’ ಅನ್ನುವ ಮಾತುಗಳೇ. ಆ ಪ್ರತಿಮೆಯ ಮುಂದೆ ನಿಮ್ಮ ಮಗು ಕೇಳಿದರೆ ಉತ್ತರ ಕೊಡಿ. ಕನ್ನಡದಲ್ಲೇ ಕೊಡಿ. ಪಾರ್ಕ್ ಕೊಟ್ಟದ್ದನ್ನೂ ಹೇಳಿ, ಫಿರಂಗಿ ಮಾರಿದ್ದನ್ನೂ ಹೇಳಿ. 1871ರಲ್ಲಿ ದಿನಕ್ಕೆ ಒಂಬತ್ತೇ ಗಂಟೆ ದುಡಿಯುತ್ತೇವೆ ಅಂತ ಈ ಊರಿನ ಕೆಲಸಗಾರರು ಐದು ತಿಂಗಳ ಹತ್ತಿರ ಮುಷ್ಕರ ಹೂಡಿ ಗೆದ್ದರು. ಎದುರು ನಿಂತ ಮಾಲೀಕರ ಮುಂದಾಳು ಇದೇ ಆರ್ಮ್‌ಸ್ಟ್ರಾಂಗ್. ಅದನ್ನೂ ಹೇಳಿ.

ಇನ್ನೊಂದು ವಿಷಯ. ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕ್ರಾಗ್‌ಸೈಡ್‌ಗೆ ಕರೆದುಕೊಂಡು ಹೋಗಿ. ಬಂದ ಮೊದಲ ವಾರದಲ್ಲೇ ಹೋಗಿ. ಅದು ರಾತ್‌ಬರಿ ಹತ್ರ ಆರ್ಮ್‌ಸ್ಟ್ರಾಂಗ್ ಕಟ್ಟಿಸಿದ ಮನೆ. ಜಗತ್ತಿನಲ್ಲೇ ಮೊದಲು ಜಲವಿದ್ಯುತ್ತಿನಿಂದ ದೀಪ ಹತ್ತಿದ ಮನೆ, 1878ರಲ್ಲಿ. ಗುಡ್ಡದ ಮೇಲೆ ಕೆರೆ, ಕೆಳಗೆ ಪುಟ್ಟ ಪವರ್‌ಹೌಸ್.

ನನ್ನ ಅಪ್ಪ ಕೆಲಸ ಮಾಡಿದ್ದು ಬ್ಲಫ್‌ನಲ್ಲಿ. ಮಳವಳ್ಳಿ ಕಡೆಯವರಿಗೆ ಗೊತ್ತು, ಶಿವನಸಮುದ್ರದ ಪವರ್‌ಹೌಸನ್ನು ನಾವು ಹಾಗೇ ಕರೆಯುವುದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಾಗ. ನಾನು ಹುಟ್ಟಿ ಬೆಳೆದದ್ದು ಆ ಕ್ವಾರ್ಟರ್ಸ್‌ನಲ್ಲೇ, ಟರ್ಬೈನ್ ಸದ್ದಿನ ಪಕ್ಕದಲ್ಲೇ. ಅಪ್ಪ ಇಲ್ಲಿಗೆ ಬಂದಾಗ ನಾನು ಅವರನ್ನು ಲಂಡನ್ ಸುತ್ತಿಸಿದೆ, ಎಡಿನ್‌ಬರಾ ಸುತ್ತಿಸಿದೆ. ಅವರ ಮಂಡಿ ನೋವು ಜೋರಾಯಿತು. ಕ್ರಾಗ್‌ಸೈಡ್‌ಗೆ ಹೋದದ್ದು ವಾಪಸ್ ಹೊರಡುವ ಹಿಂದಿನ ದಿನ. ಪವರ್‌ಹೌಸ್ ಬಾಗಿಲಲ್ಲಿ ಅವರು ಚಪ್ಪಲಿ ಬಿಡಲು ಬಗ್ಗಿದರು. ನಾನು ಬೇಡ ಅಂದೆ. ಒಳಗೆ ಯಂತ್ರದ ಒಂದೊಂದು ಭಾಗವನ್ನೂ ತೋರಿಸಿ ಮೊಮ್ಮಗಳಿಗೆ ಹೆಸರು ಹೇಳುತ್ತಾ ಹೋದರು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಬಡಿಯುತ್ತದೆ, ಸದ್ದು ಬದಲಾದರೆ ಏನು ಕೆಟ್ಟಿದೆ ಅಂತ ಅರ್ಥ. ಅವಳು ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ಅವರು ಒಂದಕ್ಕೂ ‘ಸುಮ್ನಿರು’ ಅನ್ನಲಿಲ್ಲ. ನಾನು ಗಡಿಯಾರ ನೋಡಿ, ಪ್ಯಾಕಿಂಗ್ ಬಾಕಿ ಇದೆ ನಡೀರಿ ಅಂತ ಹೊರಡಿಸಿದೆ.

ಅಪ್ಪ ಈಗ ಇಲ್ಲ. ಆ ಮಾತುಗಳಲ್ಲಿ ಒಂದನ್ನೂ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿರಲಿಲ್ಲ. ಮಗಳಿಗೆ ಅವುಗಳಲ್ಲಿ ನಾಲ್ಕೈದು ನೆನಪಿವೆ. ಪ್ರತಿಮೆಯ ಮುಂದೆ ಹೋದಾಗಲೆಲ್ಲ ಅವಳು ಅವನ್ನು ತಾತನ ದನಿಯಲ್ಲಿ, ತಾತನ ಮಂಡ್ಯದ ಕನ್ನಡದಲ್ಲೇ ಹೇಳುತ್ತಾಳೆ.