ಇಂಗ್ಲೆಂಡಿನ ರೆಡಿಂಗ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಕೌನ್ಸಿಲ್ ಚುನಾವಣೆಯಲ್ಲಿ ನಿಮಗೂ ಮತವಿದೆ

ಬಾಡಿಗೆ ಮನೆ, ಬ್ಯಾಂಕ್ ಖಾತೆ, ಜಿ.ಪಿ. (ಕುಟುಂಬ ವೈದ್ಯರು) ನೋಂದಣಿ, ಮಕ್ಕಳ ಶಾಲೆ. ಹೊಸಬರ ಮೊದಲ ತಿಂಗಳು ಇದರಲ್ಲೇ ಕಳೆಯುತ್ತದೆ. ಈ ಓಡಾಟದ ನಡುವೆಯೇ ಮತದಾರರ ಪಟ್ಟಿಗೂ ಹೆಸರು ಸೇರಿಸಿಬಿಡಿ. ಭಾರತದ ಪೌರರು ಕಾಮನ್‌ವೆಲ್ತ್ ಪೌರರೂ ಹೌದು. ಆದ್ದರಿಂದ ಕೆಲಸದ ವೀಸಾ ಇರಲಿ, ವಿದ್ಯಾರ್ಥಿ ವೀಸಾ ಇರಲಿ, ಅವಲಂಬಿತರ ವೀಸಾ ಇರಲಿ, ಇಲ್ಲಿ ವಾಸವಾಗಿರುವ 18 ತುಂಬಿದವರೆಲ್ಲ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಬ್ರಿಟಿಷ್ ಪಾಸ್‌ಪೋರ್ಟ್ ಬರುವವರೆಗೆ ಕಾಯಬೇಕು ಎಂದು ನಮ್ಮವರೇ ಎಷ್ಟೋ ಮಂದಿ ವರ್ಷಗಟ್ಟಲೆ ಸುಮ್ಮನಿದ್ದದ್ದನ್ನು ಕಂಡಿದ್ದೇನೆ. ಮತ ಹಾಕಿದರೆ ವೀಸಾಕ್ಕೆ ತೊಂದರೆಯಾದೀತೆಂಬ ಅಂಜಿಕೆಯೂ ಬೇಡ. ಇದು ಕಾನೂನೇ ಕೊಟ್ಟಿರುವ ಹಕ್ಕು.

ಮೊದಲು ನಿಮ್ಮ ಕೌನ್ಸಿಲ್ ಯಾವುದೆಂದು ತಿಳಿದುಕೊಳ್ಳಿ. ವಿಳಾಸದಲ್ಲಿ ರೆಡಿಂಗ್ ಎಂದಿದ್ದ ಮಾತ್ರಕ್ಕೆ ನೀವು ರೆಡಿಂಗ್ ಬರೋ (ಪಟ್ಟಣ ಪ್ರದೇಶ) ಕೌನ್ಸಿಲ್‌ನ ಮತದಾರರೆಂದು ಹೇಳಲಾಗದು. ನಮ್ಮವರು ಹೆಚ್ಚಾಗಿ ಮನೆ ಹುಡುಕುವ ಲೋಯರ್ ಅರ್ಲಿ ಮತ್ತು ವುಡ್ಲಿ ವೋಕಿಂಗ್‌ಹ್ಯಾಮ್ ಬರೋಗೆ ಸೇರಿವೆ. ಕ್ಯಾಲ್ಕಟ್ ವೆಸ್ಟ್ ಬರ್ಕ್‌ಶೈರ್‌ಗೆ ಸೇರಿದೆ. ಟೈಲ್‌ಹರ್ಸ್ಟ್ ಅಂತೂ ಎರಡು ಕೌನ್ಸಿಲ್‌ಗಳಿಗೆ ಹಂಚಿಹೋಗಿದೆ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಗೆ ಕಟ್ಟುವ ಸ್ಥಳೀಯ ತೆರಿಗೆಯ ಬಿಲ್ಲಿನ ಮೇಲೆ ಯಾವ ಕೌನ್ಸಿಲ್‌ನ ಹೆಸರಿದೆಯೋ ಅದೇ ನಿಮ್ಮದು. 1998ರಲ್ಲಿ ಬರ್ಕ್‌ಶೈರ್ ಕೌಂಟಿ ಕೌನ್ಸಿಲ್ ರದ್ದಾಗಿ ಅದರ ಕೆಲಸ ಆರು ಕೌನ್ಸಿಲ್‌ಗಳಿಗೆ ಹಂಚಿಕೆಯಾಯಿತು. ಹಾಗಾಗಿ ಕಸ ವಿಲೇವಾರಿ, ರಸ್ತೆ ಗುಂಡಿ, ಗ್ರಂಥಾಲಯ, ವೃದ್ಧರ ಆರೈಕೆ, ಶಾಲಾ ಪ್ರವೇಶದ ಅರ್ಜಿ, ಪಾರ್ಕಿಂಗ್ ಪರವಾನಗಿ, ಪಕ್ಕದ ಮನೆಯವರು ಕಟ್ಟಲು ಹೊರಟ ಕೋಣೆಗೆ ಅನುಮತಿ, ಇವೆಲ್ಲವೂ ಒಂದೇ ಕಚೇರಿಯ ಕೈಯಲ್ಲಿವೆ. ರೆಡಿಂಗ್‌ನಲ್ಲಿ ನೀವು ದಿನವೂ ಹತ್ತುವ ರೆಡಿಂಗ್ ಬಸ್ ಕಂಪನಿಯ ಒಡೆತನವೂ ಕೌನ್ಸಿಲ್‌ನದೇ. ಇಂಗ್ಲೆಂಡಿನಲ್ಲಿ ಇಂಥ ಊರುಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ನೋಂದಣಿ ಸರ್ಕಾರದ ಜಾಲತಾಣದಲ್ಲಿ ಕೆಲವೇ ನಿಮಿಷಗಳ ಕೆಲಸ. ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತಿದ್ದೀರಿ ಎಂದ ಮಾತ್ರಕ್ಕೆ ಹೆಸರು ತಾನಾಗಿ ಸೇರುವುದಿಲ್ಲ. ಮನೆಯ ಯಜಮಾನರು ಎಲ್ಲರ ಪರವಾಗಿ ತುಂಬುವ ಪದ್ಧತಿಯೂ ಈಗಿಲ್ಲ. ಗಂಡ, ಹೆಂಡತಿ, ವಯಸ್ಕ ಮಕ್ಕಳು ತಮ್ಮ ತಮ್ಮ ಅರ್ಜಿಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು. ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ವಿಮೆ) ಸಂಖ್ಯೆ ಕೇಳುತ್ತಾರೆ. ಕೆಲಸಕ್ಕೆ ಸೇರದ ಗೃಹಿಣಿಯರಿಗೆ ಅದು ಇಲ್ಲದಿದ್ದರೂ ಬೇರೆ ದಾಖಲೆ ಕೊಟ್ಟು ನೋಂದಾಯಿಸಬಹುದು. ದಯವಿಟ್ಟು ಅವರನ್ನು ಬಿಟ್ಟುಬಿಡಬೇಡಿ. ಊರಿನ ಪಾರ್ಕು, ಫುಟ್‌ಪಾತು, ಗ್ರಂಥಾಲಯಗಳನ್ನು ಮನೆಯಲ್ಲಿ ಹೆಚ್ಚು ಬಲ್ಲವರು ಅವರೇ. ಮತದಾನಕ್ಕೆ 12 ಕೆಲಸದ ದಿನಗಳ ಮೊದಲು ನೋಂದಣಿ ಮುಗಿಯುತ್ತದೆ. ಅಂಚೆ ಮತ ಬೇಕಿದ್ದರೆ 11 ಕೆಲಸದ ದಿನ ಮೊದಲು ಸಂಜೆ 5ರೊಳಗೆ ಅರ್ಜಿ ತಲುಪಿರಬೇಕು.

ನಮ್ಮವರಿಗೆ ನಿಜವಾದ ತೊಡಕು ಹೆಸರಿನಲ್ಲಿ. 2023ರ ಮೇ ತಿಂಗಳಿನಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ಕಡ್ಡಾಯವಾಗಿದೆ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಆದರೆ ಪಟ್ಟಿಯಲ್ಲಿರುವ ಹೆಸರು ಅದಕ್ಕೆ ಹೊಂದಬೇಕು. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಬಳಸುವವರು, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುವವರು, ಮದುವೆಯ ನಂತರ ಹೆಸರು ಬದಲಿಸಿದವರು ನೋಂದಾಯಿಸುವಾಗಲೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ತುಂಬಿ. ಭಾರತದ ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ, ಇಲ್ಲಿನ ಪ್ರಾವಿಷನಲ್ (ಕಲಿಯುವವರ) ಲೈಸೆನ್ಸ್ ನಡೆಯುತ್ತದೆ. ಮೊಬೈಲ್‌ನಲ್ಲಿ ಇ-ವೀಸಾ ತೋರಿಸಿದರೆ ಒಪ್ಪುವುದಿಲ್ಲ. ಪಾಸ್‌ಪೋರ್ಟನ್ನು ನವೀಕರಣಕ್ಕೆ ಕಳುಹಿಸಿದ ಹೊತ್ತಿನಲ್ಲೇ ಚುನಾವಣೆ ಬಂದರೆ, ಮತದಾರರ ಗುರುತಿನ ಪ್ರಮಾಣಪತ್ರಕ್ಕೆ ಉಚಿತವಾಗಿ ಅರ್ಜಿ ಹಾಕಬಹುದು. ಅದಕ್ಕೆ 6 ಕೆಲಸದ ದಿನ ಮೊದಲು ಸಂಜೆ 5ರ ಗಡುವು.

ರೆಡಿಂಗ್ ಕೌನ್ಸಿಲ್‌ನಲ್ಲಿ 16 ವಾರ್ಡುಗಳಿಂದ 48 ಸದಸ್ಯರಿದ್ದಾರೆ. ಎಲ್ಲರೂ ಒಟ್ಟಿಗೆ ಆಯ್ಕೆಯಾಗುವುದಿಲ್ಲ. ನಾಲ್ಕು ವರ್ಷಗಳಲ್ಲಿ ಮೂರು ಬಾರಿ, ಪ್ರತಿಸಲ ಮೂರನೇ ಒಂದು ಭಾಗದಷ್ಟು ಸ್ಥಾನಗಳಿಗೆ ಚುನಾವಣೆ. ಇಲ್ಲಿ ಮೆರವಣಿಗೆಯಿಲ್ಲ, ಧ್ವನಿವರ್ಧಕದ ಅಬ್ಬರವಿಲ್ಲ. ಬಾಗಿಲ ಸಂದಿಯಿಂದ ಕರಪತ್ರ ಬೀಳುತ್ತದೆ, ಶನಿವಾರ ಯಾರೋ ಬಂದು ಕದ ತಟ್ಟುತ್ತಾರೆ. ಅವರು ಅಭ್ಯರ್ಥಿಯೇ ಇರಬಹುದು, ಬಾಗಿಲು ತೆರೆಯಿರಿ. ನಿಮ್ಮ ಬೀದಿಯ ಕಾರುಗಳ ದಟ್ಟಣೆ, ತೇವ ಹಿಡಿದ ಬಾಡಿಗೆ ಮನೆ, ರಾಜ್ಯೋತ್ಸವಕ್ಕೆ ಸಿಗದ ಸಮುದಾಯ ಭವನ, ಏನಿದ್ದರೂ ಕೇಳಿ. ಪಕ್ಷದ ಹೆಸರಿಗಿಂತ ಅವರು ಕೊಡುವ ಉತ್ತರವನ್ನು ನೋಡಿ ಮತ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಸ್ಥಳೀಯ ಚುನಾವಣೆಗಳಲ್ಲಿ ಮತ ಹಾಕುವವರು ಸಾಮಾನ್ಯವಾಗಿ ಮೂವರಲ್ಲಿ ಒಬ್ಬರಷ್ಟೇ. ಹೀಗಾಗಿ ಕೆಲವೇ ಮನೆಗಳು ಒಂದು ವಾರ್ಡಿನ ಫಲಿತಾಂಶವನ್ನು ತಿರುಗಿಸಬಲ್ಲವು. ಮತ ಸಮಸಮ ಬಂದರೆ ಚೀಟಿ ಎತ್ತಿ ತೀರ್ಮಾನಿಸುತ್ತಾರೆ.

ಮತದಾನ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ರಜೆ ಇರುವುದಿಲ್ಲ, ಕಚೇರಿ ಮುಗಿಸಿ ಹೋಗಿ. ಮತಯಂತ್ರವಿಲ್ಲ. ಕಾಗದದ ಮತಪತ್ರದ ಮೇಲೆ ಪೆನ್ಸಿಲ್‌ನಿಂದ ಇಂಟು ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಬೇಕು. ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಎಷ್ಟು ಜನರಿಗೆ ಮತ ಹಾಕಬಹುದೆಂದು ಮತಪತ್ರದ ಮೇಲ್ಭಾಗದಲ್ಲೇ ಬರೆದಿರುತ್ತದೆ. ಹೊರಗೆ ಬ್ಯಾಡ್ಜ್ ಧರಿಸಿ ನಿಂತು ನಿಮ್ಮ ಮತದಾರ ಸಂಖ್ಯೆ ಕೇಳುವವರು ಪಕ್ಷಗಳ ಕಡೆಯವರು. ಹೇಳಲೇಬೇಕೆಂಬ ನಿಯಮವಿಲ್ಲ.

ಶಾಶ್ವತ ವಾಸದ ಅನುಮತಿ, ಅಂದರೆ ಐ.ಎಲ್.ಆರ್., ಸಿಕ್ಕಮೇಲೆ ನೀವೇ ಸ್ಪರ್ಧಿಸಲೂಬಹುದು. ಕಲಬುರಗಿ ಜಿಲ್ಲೆಯ ಕಮಲಾಪುರದ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್‌ಗೆ ಆಯ್ಕೆಯಾಗಿ ಅಲ್ಲಿನ ಮೇಯರ್ ಕೂಡ ಆಗಿದ್ದರು. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಹಿಂದಿನ ಪ್ರಯತ್ನ ಅವರದೇ. ಕೌನ್ಸಿಲ್ ಚುನಾವಣೆಗೆ ಠೇವಣಿ ಇಲ್ಲ. ನಾಮಪತ್ರಕ್ಕೆ ವಾರ್ಡಿನ ಇಬ್ಬರು ಮತದಾರರು ಸಹಿ ಹಾಕಿದರೆ ಸಾಕು.